ಸೀಸದ ಮಗ್ಗುಲಲ್ಲಿ ಲಿಥಿಯಂ

ಗೋದಾವರಿಯ ನೀರು ನಾಸಿಕ್ ಊರನ್ನು ಮುಟ್ಟುವ ಮುಂಚೆ ಗಂಗಾಪುರ ಅಣೆಕಟ್ಟಿನಲ್ಲಿ ಒಮ್ಮೆ ನಿಲ್ಲುತ್ತದೆ. ಅಲ್ಲಿಂದ ಹೊರಟ ಹೊಳೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಮತ್ತೆ ಜಾಯಕವಾಡಿ ಅಣೆಕಟ್ಟಿಗೆ ಸಿಕ್ಕಿ ನಾಥಸಾಗರವಾಗುತ್ತದೆ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಅಣೆಕಟ್ಟು ಅದು. ಎರಡು ನಗರಗಳ ಜನ ಕುಡಿಯುವುದು ಈ ಎರಡು ಜಲಾಶಯಗಳ ನೀರನ್ನು. ಗಂಗಾಪುರದ ದಂಡೆಯಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಬೋಟ್ ಕ್ಲಬ್ ಇದೆ, ನಾಥಸಾಗರದಲ್ಲಿ ಮೀನುಗಾರರ ದೋಣಿಗಳಿವೆ. ಇಂಥ ನೀರಿನ ಮೇಲೆ ಎಂಜಿನ್ ಹೊತ್ತ ದೋಣಿಯ ಒಂದು ಮೂಲೆಯಲ್ಲಿ ಸಾಮಾನ್ಯವಾಗಿ ಆಸಿಡ್ ತುಂಬಿದ ಸೀಸದ ಬ್ಯಾಟರಿ ಕೂತಿರುತ್ತದೆ. ಸಂಭಾಜಿನಗರದಿಂದ ಪೈಠಣದ ರಸ್ತೆ ಹಿಡಿದರೆ ದಾರಿಯಲ್ಲೇ ಬಿಡಕೀನ್ ಸಿಗುತ್ತದೆ. ನಮ್ಮ ಬೆಂಗಳೂರಿನ ಏಥರ್ ಕಂಪನಿ ವಿದ್ಯುತ್ ಸ್ಕೂಟರುಗಳ ಹೊಸ ಕಾರ್ಖಾನೆ ಕಟ್ಟುವುದಾಗಿ 2024ರಲ್ಲಿ ಘೋಷಿಸಿದ್ದು ಅಲ್ಲಿಯೇ. ರಸ್ತೆಯ ಮೇಲೆ ಲಿಥಿಯಂ ಕಾಲ ಬಂದಾಗಿದೆ. ಹಾಗಾದರೆ ದೋಣಿಯ ಸೀಸವನ್ನೂ ತೆಗೆದೆಸೆಯಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನ್ನ ವಾದ ಅದಕ್ಕೆ ಸ್ವಲ್ಪ ಅಡ್ಡ ನಿಲ್ಲುತ್ತದೆ. ಲಿಥಿಯಂ ಬರಲಿ, ಬರಬೇಕು. ಆದರೆ ಸೀಸವನ್ನು ಓಡಿಸಿ ಬರಬೇಕಿಲ್ಲ, ಸೀಸದ ಜೊತೆ ಒಂದೇ ತಂತಿಗೆ ಬಿಗಿದುಕೊಂಡು ಬರಲೂಬಾರದು. ಮಲ್ಪೆಯ ಬೋಟಿಗೂ, ಮನೆಯ ಮೆಟ್ಟಿಲ ಕೆಳಗಿನ ಯುಪಿಎಸ್‌ಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ.

ಮೊದಲು ಸೀಸದ ಕಷ್ಟ ಕೇಳೋಣ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಮಾಡಿದ ಈ ಬ್ಯಾಟರಿ ಒಂದೂವರೆ ಶತಮಾನ ಬಾಳಿರುವುದು ಸುಮ್ಮನೆ ಅಲ್ಲ. ಅಗ್ಗ, ಒರಟು, ಕ್ಷಣಕಾಲಕ್ಕೆ ನೂರಾರು ಆಂಪಿಯರ್ ಕೊಡಬಲ್ಲದು, ಸತ್ತ ಮೇಲೂ ಗುಜರಿಯಲ್ಲಿ ಬೆಲೆ ಇರುತ್ತದೆ. ಅದಕ್ಕೆ ಬೇಕಾದ ಉಪಚಾರ ಒಂದೇ: ದಿನವೂ ಪೂರ್ತಿ ಚಾರ್ಜ್ ಆಗಬೇಕು. ದೋಣಿಯಲ್ಲಿ ಸಿಗದೇ ಇರುವುದೂ ಅದೇ. ಸೀಸದ ಬ್ಯಾಟರಿ ಶೇಕಡ 80ರವರೆಗೆ ಲಗುಬಗೆಯಿಂದ ಚಾರ್ಜ್ ಹಿಡಿಯುತ್ತದೆ. ಉಳಿದ 20ನ್ನು ತುಂಬಿಸಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಎಂಜಿನ್ ಮುಕ್ಕಾಲು ಗಂಟೆ ಓಡಿ ನಿಲ್ಲುತ್ತದೆ, ಮತ್ತೆ ಅರ್ಧ ಗಂಟೆ ಓಡುತ್ತದೆ, ಬ್ಯಾಟರಿ ಎಂದೂ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿ ಬಿದ್ದಿರುವ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಹರಳು ಗಟ್ಟಿಯಾದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಬ್ಯಾಟರಿ ಅಂಗಡಿಯವರು ‘ಚಾರ್ಜ್ ಹಿಡೀತಾ ಇಲ್ಲ’ ಅನ್ನುವ ಬಹಳಷ್ಟು ಪ್ರಸಂಗಗಳ ಹಿಂದೆ ಇರುವುದು ಇದೇ. ಇದರ ಜೊತೆಗೆ, ಬಾಳಿಕೆ ಬೇಕಾದರೆ ಸೀಸದಿಂದ ಅರ್ಧಕ್ಕಿಂತ ಹೆಚ್ಚು ಹೀರಬಾರದು. ದೀಪ, ಫ್ಯಾನು, ಜಿಪಿಎಸ್, ಮೀನಿನ ಗುಂಪು ತೋರಿಸುವ ಉಪಕರಣ, ಮೊಬೈಲ್ ಚಾರ್ಜು, ಹಾಡಿನ ಪೆಟ್ಟಿಗೆ ಎಲ್ಲ ಸೇರಿ ದಿನಕ್ಕೆ 70 ಆಂಪಿಯರ್-ಅವರ್ ತಿನ್ನುವ ದೋಣಿಯೊಂದಿದೆ ಅನ್ನಿ. ಅದಕ್ಕೆ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಬೇಕು. ನೀರು-ಆಸಿಡ್ ತುಂಬಿದಾಗ ಅದು 50 ಕಿಲೋ ದಾಟುತ್ತದೆ. ಬೇಗ ತುಂಬದ ಬ್ಯಾಟರಿಗಾಗಿ ದಡದಲ್ಲಿ ಎಂಜಿನ್ ಸುಮ್ಮನೆ ಗುರುಗುಡುತ್ತಿದ್ದರೆ ಅದರ ಹೊಗೆ, ಎಣ್ಣೆಯ ಪಸೆ ಹೋಗುವುದು ಊರು ಕುಡಿಯುವ ನೀರಿಗೆ.

ಈ ಎಲ್ಲ ಕೊರತೆಗಳಿಗೂ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆ ನೇರ ಉತ್ತರ. ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡಿನಫ್ ತಂಡ 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ರಾಸಾಯನಿಕ ಜಗತ್ತಿಗೆ ಪರಿಚಯವಾಯಿತು. ಗುಡಿನಫ್ ಅವರಿಗೆ 2019ರಲ್ಲಿ ಲಿಥಿಯಂ ಬ್ಯಾಟರಿಗಾಗಿ ನೊಬೆಲ್ ಬಂತು. ಆ ಪ್ರಬಂಧದಲ್ಲಿ ಅವರ ಹೆಸರಿಗಿಂತ ಮುಂದೆ ಇದ್ದವರು ಎ.ಕೆ. ಪಾಢಿ ಮತ್ತು ಕೆ.ಎಸ್. ನಂಜುಂಡಸ್ವಾಮಿ, ಎರಡನೆಯ ಹೆಸರು ಮೈಸೂರು ಸೀಮೆಯ ಯಾರ ಕಿವಿಗೂ ಹೊಸದೆನಿಸದು. ಇಂದು ದೋಣಿಗೂ ಮನೆಗೂ ಮಾರುವ ‘ಲಿಥಿಯಂ ಬ್ಯಾಟರಿ’ಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಅದಕ್ಕೆ ಬೇಸರವಿಲ್ಲ. ಸಾಮರ್ಥ್ಯದ ಶೇಕಡ 80ರಷ್ಟನ್ನು ದಿನವೂ ಬಳಸಿದರೂ ಎರಡು-ಮೂರು ಸಾವಿರ ಸಲ ತುಂಬಿ ಬರಿದಾಗಬಲ್ಲದು. ಸೀಸಕ್ಕೆ ಅರ್ಧ ಬಳಸಿದರೂ ಕೆಲವು ನೂರು ಸಲವೇ ಹೆಚ್ಚು. 100 ಆಂಪಿಯರ್-ಅವರ್‌ನ ಪೆಟ್ಟಿಗೆ 12 ಕಿಲೋ ಆಸುಪಾಸು ತೂಗುತ್ತದೆ, ಮೇಲೆ ಹೇಳಿದ ದೋಣಿಯ ದಿನದ ಖರ್ಚನ್ನು ಒಂದೇ ತೂಗಿಸುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆ ಇಲ್ಲ, ಅಲೆಗೆ ವಾಲಿದರೆ ಆಸಿಡ್ ಚೆಲ್ಲುವುದಿಲ್ಲ. ಕೊಟ್ಟಷ್ಟು ಕರೆಂಟನ್ನು ಕೊನೆಯವರೆಗೂ ಅದೇ ವೇಗದಲ್ಲಿ ನುಂಗುತ್ತದೆ. ದೊಡ್ಡ ಗುಣ ಇದೇ, ತಕರಾರು ಶುರುವಾಗುವುದೂ ಇಲ್ಲಿಂದಲೇ.

ಅಂಗಡಿಯಲ್ಲಿ ಕೇಳಿಬರುವ ಮಾತು ‘ಹಳೆಯದು ತೆಗೀರಿ, ಇದನ್ನ ಇಡಿ, ಅಷ್ಟೇ’ ಎನ್ನುವುದು. ಪೆಟ್ಟಿಗೆಯ ಅಳತೆ ಒಂದೇ ಇರಬಹುದು, ತಂತಿ ಕಚ್ಚಿಸುವ ಬೋಲ್ಟೂ ಒಂದೇ ಇರಬಹುದು. ಆದರೆ ದೋಣಿಯ ಡೈನಮೊ, ಅಂದರೆ ಆಲ್ಟರ್ನೇಟರ್, ಸೀಸದ ಸ್ವಭಾವ ನೋಡಿ ಮಾಡಿದ ಯಂತ್ರ. ಸೀಸ ಸ್ವಲ್ಪ ತುಂಬಿದೊಡನೆ ತಾನಾಗಿಯೇ ‘ಸಾಕು’ ಎನ್ನುತ್ತದೆ, ಡೈನಮೊಗೆ ಉಸಿರು ಸಿಗುತ್ತದೆ. ಲಿಥಿಯಂ ಹಾಗೆ ಹೇಳುವುದೇ ಇಲ್ಲ. 70 ಆಂಪಿಯರ್ ಎಂದು ಬರೆದ ಡೈನಮೊದಿಂದ ಅದು ಬಹುತೇಕ ತುಂಬುವವರೆಗೂ ಪೂರ್ತಿ 70ನ್ನೇ ಎಳೆಯಲು ನೋಡುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊದ ಫ್ಯಾನೂ ನಿಧಾನ. ಒಳಗಿನ ಸುರುಳಿ, ಡಯೋಡ್ ಕಾದು ಕರಕಲಾಗುತ್ತವೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳದ್ದು. ಪ್ರತಿ ಲಿಥಿಯಂ ಪೆಟ್ಟಿಗೆಯೊಳಗೂ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಒಳಗಿನ ಯಾವುದೇ ಸೆಲ್ ಮಿತಿ ಮೀರಿ ತುಂಬಿದರೆ, ಬರಿದಾದರೆ, ಕಾದರೆ ಅದು ಸದ್ದಿಲ್ಲದೆ ಸಂಪರ್ಕ ಕಡಿದುಹಾಕುತ್ತದೆ. ಎಂಜಿನ್ ಓಡುತ್ತಿರುವಾಗ ಹೀಗಾದರೆ ಡೈನಮೊದಿಂದ ಹೊರಟ ಕರೆಂಟಿಗೆ ಹೋಗಲು ಜಾಗವಿಲ್ಲ. ಕ್ಷಣಮಾತ್ರಕ್ಕೆ ಹತ್ತಾರು ವೋಲ್ಟ್ ಎದ್ದು ಡಯೋಡನ್ನೂ ಜಿಪಿಎಸ್ಸನ್ನೂ ವಯರ್‌ಲೆಸ್ಸನ್ನೂ ಒಟ್ಟಿಗೆ ಸುಡಬಹುದು. ಕಾವಲಿನವನು ಬ್ಯಾಟರಿಯನ್ನು ಉಳಿಸಿಕೊಂಡ, ದೋಣಿಯ ಉಳಿದದ್ದನ್ನೆಲ್ಲ ಬಲಿಕೊಟ್ಟ. ಇನ್ನು ಸೆಲ್ಫ್ ಹೊಡೆಯುವ ವಿಚಾರ. ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ ಮೋಟರು ಕೆಲವು ಸೆಕೆಂಡು ಇನ್ನೂರು, ಮುನ್ನೂರು ಆಂಪಿಯರ್ ಕೇಳುತ್ತದೆ. ಸಾಮಾನ್ಯ 100 ಆಂಪಿಯರ್-ಅವರ್ ಲಿಥಿಯಂ ಪೆಟ್ಟಿಗೆಯ ಬಿಎಂಎಸ್ ಸತತವಾಗಿ 100 ಆಂಪಿಯರ್ ಆಸುಪಾಸಿಗೇ ಬಿಗಿದಿರುತ್ತದೆ. ಗಾಳಿ ಎದ್ದಾಗ, ಎಂಜಿನ್ ಬೇಕೇ ಬೇಕಾದ ಗಳಿಗೆಯಲ್ಲಿ, ಕೀಲಿ ತಿರುಗಿಸಿದರೆ ಉತ್ತರವೇ ಬರದಿರಬಹುದು.

ಹಾಗಾದರೆ ಸೀಸವನ್ನೂ ಇಟ್ಟುಕೊಂಡು, ಲಿಥಿಯಮನ್ನು ಅದರ ಪಕ್ಕದಲ್ಲಿ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿಬಿಟ್ಟರೆ? ಬಿಎಂಎಸ್ ಕಡಿದರೂ ಡೈನಮೊಗೆ ಸೀಸದ ಆಸರೆ ಇರುತ್ತದೆ, ಸೆಲ್ಫ್ ಹೊಡೆಯಲೂ ಸೀಸವಿದೆ. ಅನೇಕರು ಹೀಗೆ ಮಾಡಿಕೊಂಡು ವರ್ಷಗಟ್ಟಲೆ ಓಡಿಸುತ್ತಿದ್ದಾರೆ ಎಂಬುದು ಬಲವಾದ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ವೋಲ್ಟೇಜಿನ ಲೆಕ್ಕ ಸ್ವಲ್ಪಮಟ್ಟಿಗೆ ಅವರ ಪರವಾಗಿಯೇ ಇದೆ. ಪೂರ್ತಿ ತುಂಬಿದ ಸೀಸ ವಿಶ್ರಾಂತಿಯಲ್ಲಿ 12.7 ವೋಲ್ಟ್ ತೋರಿಸುತ್ತದೆ. ಲಿಥಿಯಂ ಶೇಕಡ 80ರಿಂದ 30ಕ್ಕೆ ಇಳಿಯುವಷ್ಟು ಹೊತ್ತೂ 13.3 ಮತ್ತು 13ರ ನಡುವೆಯೇ ನಿಂತಿರುತ್ತದೆ. ಆದ್ದರಿಂದ ಜೋಡಿಸಿದಾಗ ಲಿಥಿಯಂ ಮೊದಲು ದುಡಿಯುತ್ತದೆ, ಸೀಸ ಯಾವಾಗಲೂ ತುಂಬಿಕೊಂಡು ಕೂತಿರುತ್ತದೆ. ಸಲ್ಫೇಟಿನ ಕಾಟ ತಪ್ಪುತ್ತದೆ. ಇಷ್ಟು ನಿಜ. ಆದರೆ ಇದೇ ಲೆಕ್ಕ ಇನ್ನೊಂದು ಭ್ರಮೆಯನ್ನೂ ಒಡೆಯುತ್ತದೆ: 150ಕ್ಕೆ 100 ಸೇರಿಸಿದರೆ 250 ಆಗುವುದಿಲ್ಲ. ಲಿಥಿಯಂ ಬಹುತೇಕ ಬರಿದಾಗುವವರೆಗೆ ಸೀಸ ಕೈಯೆತ್ತುವುದೇ ಇಲ್ಲ. ಸುಮ್ಮನಿರುವ ಸೀಸವೂ ದಿನರಾತ್ರಿ ಲಿಥಿಯಂನಿಂದ ಅಷ್ಟಿಷ್ಟು ಹೀರುತ್ತಲೇ ಇರುತ್ತದೆ. ಚಾರ್ಜರನ್ನು ಯಾರಿಗೆ ಹೊಂದಿಸುವುದು ಎಂಬುದೂ ಬಗೆಹರಿಯದ ಜಗಳ. ಸೀಸಕ್ಕೆ 14.4 ವೋಲ್ಟಿನಲ್ಲಿ ಗಂಟೆಗಟ್ಟಲೆ ಹಿಡಿದು, ಆಮೇಲೆ 13.6ರ ಸುಮಾರಿನಲ್ಲಿ ಸದಾ ತೇಲಿಸಿಡುವುದು ಒಳ್ಳೆಯದು. ಲಿಥಿಯಂಗೆ ಹಾಗೆ ಸದಾ ತುಂಬಿಯೇ ಇಡುವುದು ಆಯುಷ್ಯಕ್ಕೆ ಹಾನಿ. ಕೆಲವು ಚಾರ್ಜರುಗಳು ಸೀಸದ ಹರಳು ಕರಗಿಸಲೆಂದು ಆಗಾಗ 15 ವೋಲ್ಟ್ ದಾಟಿಸುತ್ತವೆ, ಆಗ ಬಿಎಂಎಸ್ ಹೆದರಿ ಬಾಗಿಲು ಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸೀಸದ ಬ್ಯಾಟರಿ ಸಾಯುವ ರೀತಿ. ವಯಸ್ಸಾದ ಸೀಸದ ಆರು ಸೆಲ್‌ಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಅದು ಹತ್ತೂವರೆ ವೋಲ್ಟಿನ ಬ್ಯಾಟರಿಯಾಗುತ್ತದೆ. ಪಕ್ಕದ ಲಿಥಿಯಂ ತನ್ನ 13 ವೋಲ್ಟಿನಿಂದ ತನ್ನೊಳಗಿನದನ್ನೆಲ್ಲ ಅದರೊಳಕ್ಕೆ ಸುರಿಯುತ್ತದೆ. ಆಸಿಡ್ ಕುದಿಯುತ್ತದೆ, ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಶೇಕಡ 4 ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ವರ್ಷಗಟ್ಟಲೆ ಏನೂ ಆಗಲಿಲ್ಲ ಎಂಬುದು ಆ ಒಂದು ಸೆಲ್ ಇನ್ನೂ ಕೆಟ್ಟಿಲ್ಲ ಎಂಬುದಕ್ಕಷ್ಟೇ ಸಾಕ್ಷಿ.

ಇವೆರಡಕ್ಕೆ ಸುಮ್ಮನಿರುವಾಗಲೂ ಒಂದೇ ಹಾಸಿಗೆ ಹಿಡಿಸುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ನಿಲ್ಲುತ್ತವೆ. ಆ ಎರಡು ತಿಂಗಳು ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ನಡುನಡುವೆ ಮತ್ತೆ ಚಾರ್ಜಿಗೆ ಹಾಕಬೇಕು. ಲಿಥಿಯಮನ್ನು ಅರ್ಧಕ್ಕಿಳಿಸಿ, ತಂತಿ ಬಿಚ್ಚಿ, ತಂಪು ಜಾಗದಲ್ಲಿಟ್ಟು ಮರೆತುಬಿಡಬೇಕು. ಒಂದೇ ತಂತಿಯಲ್ಲಿ ಕಟ್ಟಿಟ್ಟರೆ ಒಂದಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಕೇಡು.

ಪರಿಹಾರ ಕೂಡುಕುಟುಂಬದ ಹಳೆಯ ಜಾಣತನದಲ್ಲಿದೆ: ಸೂರು ಒಂದೇ, ಒಲೆ ಎರಡು. ಸೀಸದ ಬ್ಯಾಟರಿ ಎಂಜಿನ್ನಿನ ಜೊತೆಗೇ ಉಳಿಯಲಿ. ಡೈನಮೊ ನೇರವಾಗಿ ಅದಕ್ಕೇ ಸೇರಿರಲಿ, ಸೆಲ್ಫ್ ಅದರಿಂದಲೇ ಹೊಡೆಯಲಿ. ದೀಪ, ಫ್ಯಾನು, ಉಪಕರಣಗಳೆಲ್ಲ ಲಿಥಿಯಂ ಕಡೆಗೆ ಹೋಗಲಿ. ಎರಡರ ನಡುವೆ ಡಿಸಿ-ಡಿಸಿ ಚಾರ್ಜರ್ ಎಂಬ ಸಣ್ಣ ಪೆಟ್ಟಿಗೆ ನಿಲ್ಲಲಿ. ಎಂಜಿನ್ ಓಡಿ ಸೀಸದ ವೋಲ್ಟೇಜ್ ಏರಿದಾಗ ಮಾತ್ರ ಅದು ಬಾಗಿಲು ತೆರೆಯುತ್ತದೆ, ನಿಗದಿಯಾದಷ್ಟೇ ಕರೆಂಟನ್ನು ಲಿಥಿಯಂಗೆ ಹಿಡಿಸುವ ವೋಲ್ಟೇಜಿನಲ್ಲಿ ದಾಟಿಸುತ್ತದೆ. ಎಂಜಿನ್ ನಿಂತರೆ ಮುಚ್ಚಿಕೊಳ್ಳುತ್ತದೆ. 70 ಆಂಪಿಯರ್ ಡೈನಮೊಗೆ 30 ಆಂಪಿಯರಿನ ಪೆಟ್ಟಿಗೆ ಹಾಕಿದರೆ ಡೈನಮೊ ಕಾಯುವುದಿಲ್ಲ. ಬಿಎಂಎಸ್ ಕಡಿದರೂ ಡೈನಮೊದ ಕಾಲ ಕೆಳಗೆ ಸೀಸವಿರುತ್ತದೆ. ಎರಡು ಬ್ಯಾಟರಿಗಳ ಪ್ಲಸ್ ಎಲ್ಲಿಯೂ ನೇರ ಕೂಡುವುದಿಲ್ಲವಾದ್ದರಿಂದ ಕೆಟ್ಟ ಸೆಲ್ಲಿಗೆ ಲಿಥಿಯಂ ಹರಿದುಹೋಗುವ ಭಯವೂ ಇಲ್ಲ. ಇದರ ಮೇಲೆ ಚಾವಣಿಗೆ 200 ವಾಟ್ ಸೌರಫಲಕ ಹಾಕಿದರೆ ಮಹಾರಾಷ್ಟ್ರದ ಬಿಸಿಲಿಗೆ ದಿನಕ್ಕೆ 50-60 ಆಂಪಿಯರ್-ಅವರ್ ಬರುತ್ತದೆ. ನಮ್ಮ ಲೆಕ್ಕದ ದೋಣಿಯ ಖರ್ಚಿನ ಬಹುಪಾಲು ಅಲ್ಲೇ ತೀರಿತು, ಚಾರ್ಜಿಗಾಗಿ ಎಂಜಿನ್ ಗುರುಗುಡಿಸುವುದು ನಿಂತಿತು. ದೋಣಿಯ ತಳಕ್ಕೆ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಮಾತ್ರ ಸೀಸದ ಕಡೆಗೇ ಇರಲಿ ಎನ್ನುವುದು ನನ್ನ ಹಟ. ರಾತ್ರಿ ಯಾರೂ ಇಲ್ಲದಾಗ ಬಿಎಂಎಸ್ ಕಡಿದು ಪಂಪು ನಿಂತರೆ ಬೆಳಗ್ಗೆ ದೋಣಿಯೇ ಇರುವುದಿಲ್ಲ. ವೋಲ್ಟ್ ಮೀಟರ್ ನೋಡಿ ಬ್ಯಾಟರಿಯ ಹೊಟ್ಟೆ ಅಳೆಯುವ ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಕಾಲು ವೋಲ್ಟಿನ ಅಂತರದಲ್ಲಿ ಅರ್ಧ ಬ್ಯಾಟರಿ ಖಾಲಿಯಾಗಿರುತ್ತದೆ. ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಷಂಟ್ ಮೀಟರ್ ಇಲ್ಲದೆ ಲಿಥಿಯಂ ಬಳಸುವುದು ಕುರುಡು ವ್ಯವಹಾರ.

ಸಣ್ಣ ದೋಣಿಯವರು ಇಷ್ಟೆಲ್ಲ ಯಾಕೆ ಎಂದರೆ ಅವರ ಮಾತಿನಲ್ಲಿ ಹುರುಳಿದೆ. ಹತ್ತು ಅಶ್ವಶಕ್ತಿಯ ಆಸುಪಾಸಿನ ಔಟ್‌ಬೋರ್ಡ್ ಎಂಜಿನ್ನಿನಿಂದ ಚಾರ್ಜಿಗೆ ಸಿಗುವುದೇ ಕೆಲವು ಆಂಪಿಯರ್. ಅಲ್ಲಿ ಡೈನಮೊ ಸುಡುವ ಪ್ರಶ್ನೆ ದೊಡ್ಡದಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್ನಾದರೆ ಸೀಸವೇ ಬೇಡ. ಒಂದು ಪುಟ್ಟ ಲಿಥಿಯಂ ಪೆಟ್ಟಿಗೆ, ಒಂದು ಸೌರಫಲಕ, ಲಿಥಿಯಂ ಆಯ್ಕೆಯಿರುವ ಕಂಟ್ರೋಲರ್, ಫ್ಯೂಸ್, ಇಷ್ಟರಲ್ಲಿ ಮುಗಿಯುತ್ತದೆ. ಎರಡು ಒಲೆಯ ಮಾತು ಕೀಲಿ ತಿರುಗಿಸಿ ಎಂಜಿನ್ ಎಬ್ಬಿಸುವವರಿಗೆ.

ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಇನ್ನೊಂದು ಆಕ್ಷೇಪವಿದೆ: ಸೀಸವನ್ನು ಯಾಕೆ ಹೊರಬೇಕು, ಇಡೀ ದೋಣಿಯೇ ಲಿಥಿಯಂ ಮೇಲೆ ಓಡಲಿ. ಕೇರಳದ ವೈಕಂನಿಂದ ತವಣಕ್ಕಡವಿಗೆ 2017ರಿಂದ ಓಡುತ್ತಿರುವ ‘ಆದಿತ್ಯ’ ಅದಕ್ಕೆ ಒಳ್ಳೆಯ ಉದಾಹರಣೆ. 75 ಜನರನ್ನು ಹೊರುವ ಆ ಸೌರ ದೋಣಿಯಲ್ಲಿ 20 ಕಿಲೋವಾಟ್ ಫಲಕಗಳೂ 50 ಕಿಲೋವಾಟ್-ಅವರ್ ಲಿಥಿಯಂ ಬ್ಯಾಟರಿಯೂ ಇವೆ. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋ ಇನ್ನೂ ದೊಡ್ಡ ಹೆಜ್ಜೆ. ಆದರೆ ಅವು ಮೊದಲ ನಕ್ಷೆಯಿಂದಲೇ ಬ್ಯಾಟರಿಗಾಗಿ ಕಟ್ಟಿದ ದೋಣಿಗಳು. ಮೋಟರು, ತಂತಿ, ಚಾರ್ಜಿಂಗ್ ಎಲ್ಲ ಒಂದೇ ಲೆಕ್ಕದಲ್ಲಿ ಬಂದವು. ಇಲ್ಲಿನ ಪ್ರಶ್ನೆ ಈಗಾಗಲೇ ನೀರಿನಲ್ಲಿರುವ, ಡೀಸೆಲ್ ಎಂಜಿನ್ನಿನ, ಇನ್ನೂ ಹತ್ತು ವರ್ಷ ಓಡಬೇಕಾದ ದೋಣಿಯದು. ಕುಡಿಯುವ ನೀರಿನ ಜಲಾಶಯಗಳಲ್ಲಿ ಮುಂದೊಂದು ದಿನ ಪೂರ್ಣ ವಿದ್ಯುತ್ ದೋಣಿಗಳೇ ಬರಲಿ ಎಂಬುದರಲ್ಲಿ ನನಗೂ ಅನುಮಾನವಿಲ್ಲ.

ಬೆಂಕಿಯ ಭಯವನ್ನು ದಾಟಿ ಹೋಗುವಂತಿಲ್ಲ, ನಾಸಿಕ್‌ನಲ್ಲಂತೂ ಸಾಧ್ಯವೇ ಇಲ್ಲ. 2022ರ ಏಪ್ರಿಲ್ 9ರಂದು ಅಲ್ಲಿನ ಕಾರ್ಖಾನೆಯೊಂದರಿಂದ ವಿದ್ಯುತ್ ಸ್ಕೂಟರುಗಳನ್ನು ತುಂಬಿಕೊಂಡು ಹೊರಟ ಕಂಟೇನರಿಗೆ ಬೆಂಕಿ ಬಿದ್ದು 40ರಲ್ಲಿ 20 ಸ್ಕೂಟರುಗಳು ಹಾನಿಗೊಂಡವು. ಆ ಬೇಸಿಗೆಯಲ್ಲಿ ದೇಶದ ಹಲವೆಡೆ ಇಂಥದ್ದೇ ಘಟನೆಗಳಾಗಿ, ವಾಹನಗಳ ಬ್ಯಾಟರಿಗೆ ಕೇಂದ್ರ ಸರ್ಕಾರ ಎಐಎಸ್-156 ಎಂಬ ಮಾನಕವನ್ನು ಬಿಗಿಗೊಳಿಸಿತು. ಐರನ್ ಫಾಸ್ಫೇಟ್ ಬಗೆ ನಿಕ್ಕಲ್-ಕೋಬಾಲ್ಟ್ ಬಗೆಗಿಂತ ಶಾಂತ ಸ್ವಭಾವದ್ದು; ಫಾಸ್ಫೇಟು ತನ್ನ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿರುವುದರಿಂದ ಕಾದರೂ ತಾನೇ ಉರಿಗೆ ತುಪ್ಪ ಸುರಿದುಕೊಳ್ಳುವುದಿಲ್ಲ. ಹಾಗೆಂದು ಬೆಂಕಿಯೇ ಹತ್ತದು ಎನ್ನುವ ಮಾರಾಟದ ಮಾತನ್ನು ನಂಬಬೇಡಿ. ತಂತಿ ಶಾರ್ಟ್ ಆದರೆ ಲಿಥಿಯಂ ಸಾವಿರಾರು ಆಂಪಿಯರ್ ಉಗುಳಬಲ್ಲದು. ಕಾರಿನ ಅಗ್ಗದ ಪಟ್ಟಿ-ಫ್ಯೂಸು ಆ ಹೊಡೆತಕ್ಕೆ ಕರಗಿದರೂ ಕಿಡಿಯ ಸೇತುವೆಯಲ್ಲಿ ಕರೆಂಟು ಹರಿಯುತ್ತಲೇ ಇರಬಹುದು. ಅದಕ್ಕೇ ಬ್ಯಾಟರಿಯ ಬಾಯಲ್ಲೇ ಕ್ಲಾಸ್-ಟಿ ಬಗೆಯ ಫ್ಯೂಸ್ ಬೇಕು. ಎಐಎಸ್-156 ರಸ್ತೆ ವಾಹನಗಳಿಗೆ ಬರೆದದ್ದು, ದೋಣಿಯನ್ನು ಅದು ಕಾಯುವುದಿಲ್ಲ. ದೋಣಿಗೆಂದೇ ಬರೆದವು ಅಮೆರಿಕದ ಎಬಿವೈಸಿ ಸಂಸ್ಥೆಯ ಇ-13 ಮಾನಕ ಮತ್ತು ಐಎಸ್‌ಒದ 2021ರ 23625 ಸಂಖ್ಯೆಯ ದಾಖಲೆ. ಬಿಎಂಎಸ್ ಸಂಪರ್ಕ ಕಡಿಯುವ ಮುನ್ನ ದೋಣಿ ನಡೆಸುವವನಿಗೆ ಸೂಚನೆ ಸಿಗಬೇಕು ಎಂಬ ಇ-13ರ ಷರತ್ತನ್ನು ನಮ್ಮಲ್ಲೂ ಕಡ್ಡಾಯ ಮಾಡಬೇಕು. 2027ರ ಸಿಂಹಸ್ಥ ಕುಂಭಮೇಳದ ಹೊತ್ತಿಗೆ ಗೋದಾವರಿಯಲ್ಲಿ ಕಾವಲಿಗೂ ರಕ್ಷಣೆಗೂ ದೋಣಿಗಳು ಬೇಕಾಗುತ್ತವೆ. ಈ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು.

ವಿದೇಶಿ ಬರಹಗಳಲ್ಲಿ ಶೂನ್ಯ ಡಿಗ್ರಿಯ ಕೆಳಗೆ ಲಿಥಿಯಮನ್ನು ಚಾರ್ಜ್ ಮಾಡಬಾರದು ಎಂಬ ಎಚ್ಚರಿಕೆಗೆ ಪುಟಗಟ್ಟಲೆ ಮೀಸಲು. ಮರಾಠವಾಡದಲ್ಲಿ ಅದನ್ನು ಓದಿ ನಗಬಹುದು. ಮೇ ತಿಂಗಳಲ್ಲಿ ಸಂಭಾಜಿನಗರದ ಗಾಳಿಯೇ 40 ಡಿಗ್ರಿ ದಾಟುತ್ತದೆ, ಎಂಜಿನ್ ಪಕ್ಕದ ಗೂಡು ಇನ್ನೂ ಹೆಚ್ಚು. ಬಹಳಷ್ಟು ತಯಾರಕರು ಚಾರ್ಜಿಂಗಿಗೆ 45ರಿಂದ 55 ಡಿಗ್ರಿಯ ಗೆರೆ ಎಳೆದಿರುತ್ತಾರೆ. ಸೀಸಕ್ಕೂ ಸೆಕೆ ಹಿಡಿಸದು, 25 ಡಿಗ್ರಿಗಿಂತ ಪ್ರತಿ ಎಂಟು-ಹತ್ತು ಡಿಗ್ರಿ ಏರಿಕೆಗೆ ಅದರ ಆಯುಷ್ಯ ಅರ್ಧವಾಗುತ್ತದೆ. ಹೊಸ ಪೆಟ್ಟಿಗೆ ಎಂಜಿನ್ನಿನಿಂದ ದೂರ, ಗಾಳಿಯಾಡುವ ನೆರಳಿನಲ್ಲಿರಲಿ. ದುಡ್ಡಿನ ಮಾತಿಗೆ ಬಂದರೆ, ಮೊದಲ ದಿನದ ಬೆಲೆಯಲ್ಲಿ ಸೀಸವೇ ಗೆಲ್ಲುತ್ತದೆ. ಲಿಥಿಯಂಗೆ 18, ಸೀಸಕ್ಕೆ 28 ಎಂದಿದ್ದ ಜಿಎಸ್‌ಟಿ ಶೇಕಡಾವಾರು 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 18 ಆಗಿ, ತೆರಿಗೆಯ ಅನುಕೂಲವೂ ಹೋಯಿತು. ದಿನವೂ ಬ್ಯಾಟರಿ ಹಿಂಡುವ ದೋಣಿಗೆ ಹಲವು ವರ್ಷಗಳ ಲೆಕ್ಕದಲ್ಲಿ ಲಿಥಿಯಂ ಅಗ್ಗ. ವಾರಕ್ಕೊಮ್ಮೆ, ಅದೂ ಎರಡು ದೀಪಕ್ಕಾಗಿ ಬ್ಯಾಟರಿ ಮುಟ್ಟುವವರಿಗೆ ಸೀಸವೇ ಸಾಕು. ಅವರು ಲಿಥಿಯಂ ಕೊಂಡರೆ ಅದು ಷೋಕಿ. ಹಳೆಯ ಸೀಸವನ್ನು ಗುಜರಿಗೆ ಎಸೆಯದೆ ಎಂಜಿನ್ನಿಗೆ ಉಳಿಸಿಕೊಳ್ಳುವುದರಲ್ಲಿ ಉಳಿತಾಯವೂ ಇದೆ.

ಕೊಳ್ಳಲು ಹೋದಾಗ ಅಂಗಡಿಯವರನ್ನು ಕೇಳಬೇಕಾದದ್ದು ಇಷ್ಟು: ಬಿಎಂಎಸ್ ಎಷ್ಟು ಆಂಪಿಯರಿಗೆ, ಎಷ್ಟು ಡಿಗ್ರಿಗೆ ಕಡಿಯುತ್ತದೆ, ಕಡಿಯುವ ಮುನ್ನ ಸೂಚನೆ ಕೊಡುತ್ತದೆಯೇ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಸತ್ತ ಪೆಟ್ಟಿಗೆಯನ್ನು ವಾಪಸು ತೆಗೆದುಕೊಳ್ಳುವ ತಯಾರಕರು ಯಾರು. ಉತ್ತರಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಲಿಥಿಯಂ ಕೊಳ್ಳಬೇಡಿ.